ಒಂದರ ಭಾಗ ಇನ್ನೊಂದಕ್ಕೆ: ಲಿವರ್ ರೈಫಲಿನಿಂದ ಬಿಡಿಭಾಗಗಳ ವ್ಯಾಪಾರಕ್ಕೊಂದು ಪಾಠ

ಪ್ರಾಸ್ತಾವಿಕ

ಮುಂಗಾರು ಬಿತ್ತನೆಯ ಹಂಗಾಮಿನಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ಲೇತ್ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಇದರ ಅಸಲಿ ಭಾಗ ಸಿಗುತ್ತಿಲ್ಲ, ಬೇರೆ ಕಂಪನಿಯದು ಕೂರುತ್ತದೆಯೇ?" ಟ್ರಾಕ್ಟರಿನ ಪಿನ್ನು, ಕೂರಿಗೆಯ ಗಿಯರು, ಪವರ್‌ಲೂಮಿನ ಬುಶ್ಶು, ಪಂಪಿನ ಇಂಪೆಲರು, ವಸ್ತು ಯಾವುದೇ ಇರಲಿ, ಪ್ರಶ್ನೆಯ ಸ್ವರೂಪ ಬದಲಾಗುವುದಿಲ್ಲ. ಬಿಡಿಭಾಗ ಮಾರುವ ವರ್ತಕನ ಲಾಭವೂ ಅದನ್ನು ಹೊಂದಿಸಿಕೊಡುವ ಕುಶಲಕರ್ಮಿಯ ಹೆಸರೂ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿವೆ.

ಈ ವಿಷಯವನ್ನು ಅಭ್ಯಾಸ ಮಾಡಲು ಬಂದೂಕು ತಯಾರಿಕೆಯ ಕ್ಷೇತ್ರದಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. "ಒಂದು ಯಂತ್ರದ ಭಾಗ ಅದೇ ಜಾತಿಯ ಇನ್ನೊಂದು ಯಂತ್ರಕ್ಕೆ ಉಜ್ಜದೆ, ಕೊರೆಯದೆ ಕೂರಬೇಕು" ಎಂಬ ತತ್ತ್ವವು ಮೊದಲು ಕಾರ್ಯರೂಪಕ್ಕೆ ಬಂದ ಪ್ರಮುಖ ಕ್ಷೇತ್ರ ಅದು. ಅದರಲ್ಲಿಯೂ ಅಮೆರಿಕದ ಲಿವರ್ ರೈಫಲ್, ಅಂದರೆ ಟ್ರಿಗರಿನ ಸುತ್ತಲಿನ ಸನ್ನೆಯನ್ನು ಕೆಳಕ್ಕೆ ಎಳೆದು ಮೇಲಕ್ಕೆ ಒತ್ತಿದಾಗ ತೋಟಾ ತುಂಬಿಕೊಳ್ಳುವ ರೈಫಲ್, ವಿಶೇಷ ಗಮನಕ್ಕೆ ಅರ್ಹವಾಗಿದೆ. ಒಂದು ಮಾದರಿಯ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ತಮಗೆ ಬೇಕಾದಂತೆ ಮಾಡಿಕೊಳ್ಳುವ ರೂಢಿ ಆ ದೇಶದಲ್ಲಿ ದೀರ್ಘಕಾಲದಿಂದ ಇದೆ. ಅಲ್ಲಿ ಯಾವುದು ಹೊಂದಿತು, ಯಾವುದು ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂಬುದರಲ್ಲಿ ಸಣ್ಣ ಉದ್ದಿಮೆದಾರರು ಕಲಿಯುವುದು ಬಹಳಷ್ಟಿದೆ.

ಭಾರತದಲ್ಲಿ ಇದೇ ಕೆಲಸವನ್ನು ಪರವಾನಗಿ ಇಲ್ಲದೆ ಮಾಡಿದವನು ಸೆರೆಮನೆಗೆ ಹೋಗಬೇಕಾಗುತ್ತದೆ ಎಂಬುದು ಈ ಪಾಠದ ಇನ್ನೊಂದು ಮುಖ. ಆ ವಿಚಾರವನ್ನೂ ಮುಂದೆ ವಿವರಿಸಲಾಗಿದೆ.

ಒಂದೇ ಅಳತೆಯ ಭಾಗ: ತತ್ತ್ವದ ಹುಟ್ಟು

ಹದಿನೆಂಟನೆಯ ಶತಮಾನದ ಕೊನೆಯವರೆಗೆ ಪ್ರತಿಯೊಂದು ಬಂದೂಕೂ ಒಬ್ಬ ಕಮ್ಮಾರನ ಕೈಯಲ್ಲಿ ಅರದಿಂದ ಉಜ್ಜಿ ಹೊಂದಿಸಿದ ವಸ್ತುವಾಗಿತ್ತು. ಒಂದರ ತಿರುಪು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ರಣರಂಗದಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಇಡೀ ಬಂದೂಕು ನಿರುಪಯುಕ್ತವಾಗುತ್ತಿತ್ತು. ಫ್ರಾನ್ಸಿನಲ್ಲಿ ಹೊನೊರೆ ಬ್ಲಾಂಕ್ ಎಂಬಾತನು ಒಂದೇ ಅಳತೆಯ ಭಾಗಗಳನ್ನು ತಯಾರಿಸಲು ಯತ್ನಿಸಿದ್ದನ್ನು 1785ರಲ್ಲಿ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಕಂಡು ತನ್ನ ದೇಶಕ್ಕೆ ವರದಿ ಮಾಡಿದನು. 1798ರಲ್ಲಿ ಈಲೈ ವಿಟ್ನಿ ಎಂಬಾತನು 10,000 ಬಂದೂಕುಗಳ ಗುತ್ತಿಗೆ ಪಡೆದು, 1801ರಲ್ಲಿ ಅಧಿಕಾರಿಗಳ ಮುಂದೆ ಭಾಗಗಳನ್ನು ಅದಲುಬದಲು ಮಾಡಿ ಜೋಡಿಸಿ ತೋರಿಸಿದನು. ಆದರೆ ಅವನ ಕಾರ್ಖಾನೆಯ ಭಾಗಗಳು ನಿಜಾರ್ಥದಲ್ಲಿ ಪರಸ್ಪರ ಬದಲಿಯಾಗಿರಲಿಲ್ಲವೆಂದು ನಂತರದ ಪರಿಶೀಲನೆಯಿಂದ ತಿಳಿದುಬಂದಿದೆ. ಪ್ರದರ್ಶನಕ್ಕೆ ಆಯ್ದ ಹತ್ತು ನಗ ಹೊಂದುವುದು ಬೇರೆ, ಗೋದಾಮಿನ ಹತ್ತು ಸಾವಿರ ನಗ ಹೊಂದುವುದು ಬೇರೆ. ಮಾದರಿ ನೋಡಿ ಮಾಲು ಕೊಳ್ಳುವ ಪ್ರತಿಯೊಬ್ಬ ವರ್ತಕನೂ ಈ ವ್ಯತ್ಯಾಸವನ್ನು ಬಲ್ಲನು.

1813ರಲ್ಲಿ ಸಿಮಿಯನ್ ನಾರ್ತ್ ಪಡೆದ 20,000 ಪಿಸ್ತೂಲುಗಳ ಗುತ್ತಿಗೆಯಲ್ಲಿ "ಭಾಗಗಳು ಪರಸ್ಪರ ಬದಲಿಯಾಗಬೇಕು" ಎಂಬ ಷರತ್ತು ಲಿಖಿತವಾಗಿಯೇ ಸೇರಿತ್ತು. 1820ರ ದಶಕದಲ್ಲಿ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದಲ್ಲಿ ಜಾನ್ ಹಾಲ್ ಎಂಬಾತನು ಯಂತ್ರ, ಜಿಗ್ ಮತ್ತು ಗೇಜುಗಳ ಸಹಾಯದಿಂದ ಇದನ್ನು ಸಾಧಿಸಿ ತೋರಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ರಾಬಿನ್ಸ್ ಅಂಡ್ ಲಾರೆನ್ಸ್ ಸಂಸ್ಥೆಯು ಇಂತಹ ಆರು ರೈಫಲುಗಳನ್ನು ಇರಿಸಿದಾಗ ಬ್ರಿಟಿಷರು ಬೆರಗಾದರು. ಅದೇ ದಶಕದಲ್ಲಿ ಎನ್‌ಫೀಲ್ಡ್ ಕಾರ್ಖಾನೆಗೆ ಅಮೆರಿಕದ ಯಂತ್ರಗಳನ್ನು ತರಿಸಿಕೊಂಡರು. ಹೊಲಿಗೆ ಯಂತ್ರ, ಬೈಸಿಕಲ್ ಮತ್ತು ಟೈಪ್‌ರೈಟರುಗಳ ತಯಾರಿಕೆಗೂ ಈ ವಿಧಾನವೇ ದಾರಿ ಮಾಡಿಕೊಟ್ಟಿತು. ಇಂದು ಬಿಡಿಭಾಗದ ಅಂಗಡಿ ಎಂಬ ವ್ಯಾಪಾರವೊಂದು ಇರಲು ಕಾರಣವೇ ಈ ತತ್ತ್ವ.

ಲಿವರ್ ರೈಫಲಿನ ಚರಿತ್ರೆಯಲ್ಲಿ ವರ್ತಕರಿಗೆ ಹತ್ತಿರವಾದ ಸಂಗತಿಯೊಂದಿದೆ. ಈ ರೈಫಲಿಗೆ ಹೆಸರು ತಂದ ಆಲಿವರ್ ವಿಂಚೆಸ್ಟರ್ ಮೂಲತಃ ಬಂದೂಕುಗಾರನಲ್ಲ, ಅಂಗಿ ತಯಾರಿಸಿ ಮಾರುತ್ತಿದ್ದ ಜವಳಿ ಉದ್ಯಮಿ. ನಷ್ಟದಲ್ಲಿದ್ದ ಬಂದೂಕು ಕಂಪನಿಯೊಂದರಲ್ಲಿ ಹಣ ಹೂಡಿ, 1857ರಲ್ಲಿ ಅದನ್ನು ಹೊಸದಾಗಿ ಕಟ್ಟಿ, ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಿಯನ್ನು ಮೇಲ್ವಿಚಾರಕನಾಗಿ ಇರಿಸಿಕೊಂಡನು. ಹೆನ್ರಿ 1860ರಲ್ಲಿ ಪೇಟೆಂಟ್ ಪಡೆದ ರೈಫಲ್ ಮುಂದೆ 1866 ಮತ್ತು 1873ರ ವಿಂಚೆಸ್ಟರ್ ಮಾದರಿಗಳಿಗೆ ಆಧಾರವಾಯಿತು. 1873ರ ಮಾದರಿಯ 44-40 ತೋಟಾಕ್ಕೆ ಹೊಂದುವಂತೆ ಕೋಲ್ಟ್ ಕಂಪನಿಯೂ ತನ್ನ ರಿವಾಲ್ವರನ್ನು ತಯಾರಿಸಿತು. ಒಬ್ಬ ಗಿರಾಕಿ ಒಂದೇ ಪೆಟ್ಟಿಗೆ ತೋಟಾ ಕೊಂಡು ಎರಡಕ್ಕೂ ಬಳಸಬಹುದಾಯಿತು. ಪ್ರತಿಸ್ಪರ್ಧಿಯ ಅಳತೆಯನ್ನು ಒಪ್ಪಿಕೊಂಡದ್ದರಿಂದ ಇಬ್ಬರ ಮಾರುಕಟ್ಟೆಯೂ ಬೆಳೆಯಿತು.

ರಚನೆ ಮತ್ತು ಒತ್ತಡ

ಭಾಗಗಳ ಅದಲುಬದಲನ್ನು ತಿಳಿಯಲು ಒಳರಚನೆಯ ಸ್ಥೂಲ ಪರಿಚಯ ಅಗತ್ಯ. ನಳಿಕೆಯ ಹಿಂದಿನ ಉಕ್ಕಿನ ಒಡಲಿಗೆ ರಿಸೀವರ್ ಎನ್ನುತ್ತಾರೆ. ಅದರೊಳಗೆ ಹಿಂದೆ ಮುಂದೆ ಸರಿಯುವ ದಿಂಡು ಬ್ರೀಚ್ ಬೋಲ್ಟ್. ತೋಟಾ ಸಿಡಿದಾಗ ಹಿಂದಕ್ಕೆ ತಳ್ಳುವ ಬಲವನ್ನು ಈ ಬೋಲ್ಟ್ ತಡೆಯಬೇಕು, ಬೋಲ್ಟನ್ನು ಒಂದು ಬೀಗ ಹಿಡಿದಿರಬೇಕು. ಈ ಬೀಗದ ವ್ಯವಸ್ಥೆ ಮಾದರಿಯಿಂದ ಮಾದರಿಗೆ ಬೇರೆ. 1873ರ ವಿಂಚೆಸ್ಟರಿನಲ್ಲಿ ಮೊಣಕಾಲಿನಂತೆ ಮಡಚುವ ಕೀಲು. ಜಾನ್ ಬ್ರೌನಿಂಗ್ ರೂಪಿಸಿದ 1892ರ ಮಾದರಿಯಲ್ಲಿ ಎರಡು ಬದಿಗೆ ಏರಿ ಇಳಿಯುವ ಜೋಡಿ ಬೀಗ. 1894ರ ಮಾದರಿಯಲ್ಲಿ ಹಿಂಬದಿಯಿಂದ ಏರುವ ಒಂದೇ ಬೀಗ. 1948ರಲ್ಲಿ ಬಂದ ಮಾರ್ಲಿನ್ 336 ಮಾದರಿಯಲ್ಲಿ ದುಂಡನೆಯ ಬೋಲ್ಟ್ ಇದ್ದು, ಖಾಲಿ ತೋಟಾ ಬಲಬದಿಗೆ ಹೊರಬೀಳುತ್ತದೆ.

ಮಾರ್ಲಿನ್ ಮಾದರಿಯಲ್ಲಿ ಫೈರಿಂಗ್ ಪಿನ್ ಎರಡು ತುಂಡಾಗಿರುವುದು ಗಮನಾರ್ಹ. ಬೀಗ ಪೂರ್ಣವಾಗಿ ಏರದ ಹೊರತು ಹಿಂದಿನ ತುಂಡು ಮುಂದಿನದರ ನೇರಕ್ಕೆ ಬರುವುದಿಲ್ಲ, ಆದ್ದರಿಂದ ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಸಿಡಿಯದಂತೆ ತಡೆಯಾಗುತ್ತದೆ. ಹೊರನೋಟಕ್ಕೆ "ಒಂದೇ ತುಂಡು ಮಾಡಿದರೆ ಗಟ್ಟಿಯಲ್ಲವೇ" ಎನಿಸುವ ಭಾಗವು ಎರಡು ತುಂಡಾಗಿರುವುದಕ್ಕೆ ಪ್ರಾಣರಕ್ಷಣೆಯ ಕಾರಣವಿದೆ. ಅಸಲಿ ಭಾಗದ ಆಕಾರದ ಹಿಂದಿರುವ ಕಾರಣವನ್ನು ತಿಳಿಯದೆ ಅದನ್ನು "ಸುಧಾರಿಸ" ಹೊರಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದು ನಿದರ್ಶನ.

ಒತ್ತಡದ ಅಂದಾಜಿಗೆ ಒಂದು ಅಂಕಿ ಸಾಕು. 1894ರ ವಿಂಚೆಸ್ಟರ್ ಮತ್ತು ಮಾರ್ಲಿನ್ 336, ಎರಡರಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿರುವ 30-30 ತೋಟಾಕ್ಕೆ ಅಮೆರಿಕದ ತಯಾರಕರು ಒಪ್ಪಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 42,000 ಪೌಂಡ್, ಅಂದರೆ ಸುಮಾರು 19 ಟನ್. 100 ಪೌಂಡ್ ಗಾಳಿ ತುಂಬಿದ ಲಾರಿಯ ಟೈರಿನ ಒತ್ತಡಕ್ಕೆ ಹೋಲಿಸಿದರೆ ಇದು 420 ಪಟ್ಟು. ಈ ಒತ್ತಡವು ಶೂಟರನ ಮುಖದಿಂದ ಒಂದು ಗೇಣಿನೊಳಗೆ ಉಂಟಾಗುತ್ತದೆ. ಬೋಲ್ಟಿನ ಮುಖಕ್ಕೂ ತೋಟಾದ ತಳಕ್ಕೂ ನಡುವೆ ಇರಬಹುದಾದ ಸಂದು ಇಂಚಿನ ಸಾವಿರದ ಕೆಲವೇ ಭಾಗಗಳಷ್ಟು. ಸಂದು ಮಿತಿಮೀರಿದರೆ ತೋಟಾದ ಹಿತ್ತಾಳೆಯ ಚಿಪ್ಪು ಒಡೆದು ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಆದಕಾರಣ ಬೋಲ್ಟ್, ಬೀಗ ಮತ್ತು ನಳಿಕೆ, ಈ ಮೂರರಲ್ಲಿ ಯಾವುದನ್ನು ಬದಲಿಸಿದರೂ ಗೇಜು ಹಾಕಿ ಪರೀಕ್ಷಿಸದೆ ಬಳಸಬಾರದೆಂಬುದು ಆ ಕಸುಬಿನ ಮೊದಲ ನಿಯಮ.

ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ

ಅನ್ಯ ಮಾದರಿಯ ಭಾಗಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ನೋಡುವುದು ಅನುಕೂಲ.

ಮೊದಲನೆಯದು, ಉದ್ಯಮವೆಲ್ಲ ಒಪ್ಪಿದ ಒಂದೇ ಅಳತೆಯುಳ್ಳ ಭಾಗಗಳು. ಗುರಿ ನೋಡುವ ಸೈಟನ್ನು ಕೂರಿಸಲು ನಳಿಕೆಯ ಮೇಲೆ ಕೊರೆದಿರುವ, ಪಾರಿವಾಳದ ಬಾಲದಾಕಾರದ ಗಾಡಿಗೆ ಅಮೆರಿಕದಲ್ಲಿ ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು 9.5 ಮಿ.ಮೀ. ಅಗಲ ರೂಢಿಯಾಗಿದೆ. ಹೀಗಾಗಿ ಒಬ್ಬರು ತಯಾರಿಸಿದ ಸೈಟು ಇನ್ನೊಬ್ಬರ ರೈಫಲಿಗೆ ಸಾಮಾನ್ಯವಾಗಿ ಕೂರುತ್ತದೆ. ಆದರೂ ಎತ್ತರ ಬೇರೆಯಾದರೆ ಗುರಿ ತಪ್ಪುತ್ತದೆ. ಕೂರುವುದೇ ಬೇರೆ, ಕೆಲಸ ಮಾಡುವುದೇ ಬೇರೆ.

ಎರಡನೆಯದು, ಒಂದನ್ನು ಬದಲಿಸಿದರೆ ಜೊತೆಗಾರರನ್ನೂ ಬದಲಿಸಬೇಕಾದ ಭಾಗಗಳು. ಮಾರ್ಲಿನ್ 336ರಲ್ಲಿ ಮರದ ಹಿಂಬದಿ ಎರಡು ಬಗೆಯಲ್ಲಿ ದೊರೆಯುತ್ತದೆ: ಪಿಸ್ತೂಲಿನ ಹಿಡಿಯಂತೆ ಬಾಗಿದ್ದು ಮತ್ತು ನೇರವಾದದ್ದು. ಬಾಗಿದ್ದನ್ನು ತೆಗೆದು ನೇರವಾದದ್ದನ್ನು ಹಾಕಬಯಸುವವನು ಮರವನ್ನಷ್ಟೇ ಕೊಂಡರೆ ಕೆಲಸವಾಗುವುದಿಲ್ಲ. ಲಿವರಿನ ಬಾಗು ಮರದ ಬಾಗಿಗೆ ತಕ್ಕಂತೆ ಇರುತ್ತದೆ, ಕೆಳಗಿನ ಟ್ರಿಗರ್ ಪಟ್ಟಿಯ ಬಾಲವೂ ಹಾಗೆಯೇ. ಕನಿಷ್ಠ ಮೂರು ಭಾಗ ಕೊಳ್ಳಬೇಕಾಗುತ್ತದೆ. ಅಗ್ಗದ ಬದಲಾವಣೆಯೆಂದು ಆರಂಭಿಸಿದ್ದು ಮೂರು ಪಟ್ಟು ವೆಚ್ಚದಲ್ಲಿ ಮುಗಿಯುತ್ತದೆ. ಗಿರಾಕಿಗೆ ದರ ಹೇಳುವ ಮುನ್ನ ಜೊತೆಗಾರ ಭಾಗಗಳ ಪಟ್ಟಿ ಮಾಡಿಕೊಳ್ಳದ ಅಂಗಡಿಕಾರನ ಪಾಡೂ ಇದೇ.

ಮೂರನೆಯದು, ಭಾರ ಹೊರುವ ಹಾಗೂ ಹೊತ್ತಿಗೆ ಸರಿಯಾಗಿ ಚಲಿಸುವ ಭಾಗಗಳು: ಬೋಲ್ಟ್, ಬೀಗ, ತೋಟಾ ಎತ್ತುವ ಕ್ಯಾರಿಯರ್, ಹ್ಯಾಮರ್. ಇವು ಒಂದೇ ಮಾದರಿಯ ಎರಡು ರೈಫಲುಗಳ ನಡುವೆಯೂ ಕೈಯಿಂದ ಹೊಂದಿಸದೆ ಕೂರುವುದಿಲ್ಲ. ಇದಕ್ಕೆ ಕಾರಣ ಅಳತೆಯ ವ್ಯತ್ಯಾಸಗಳು ಕೂಡುತ್ತ ಹೋಗುವುದು. ಸಾಲಾಗಿ ಐದು ಭಾಗಗಳು ಒಂದನ್ನೊಂದು ತಳ್ಳುತ್ತವೆಂದು ಭಾವಿಸೋಣ. ಪ್ರತಿಯೊಂದಕ್ಕೂ ನಕ್ಷೆಯಲ್ಲಿ 0.05 ಮಿ.ಮೀ. ಹೆಚ್ಚು ಅಥವಾ ಕಡಿಮೆ ಇರಲು ಅನುಮತಿಯಿದೆ. ಐದೂ ಒಂದೇ ಕಡೆಗೆ ತಪ್ಪಿದರೆ ಕೊನೆಯಲ್ಲಿ ಸಂದು 0.25 ಮಿ.ಮೀ. ಆಗುತ್ತದೆ. ಪ್ರತಿಯೊಂದು ಭಾಗವೂ ಪರೀಕ್ಷೆಯಲ್ಲಿ ಉತ್ತೀರ್ಣ, ಜೋಡಣೆ ಮಾತ್ರ ಅನುತ್ತೀರ್ಣ! ಕಾರ್ಖಾನೆಯಲ್ಲಿ ಈ ಸಂದನ್ನು ಅನುಭವಿ ಕೆಲಸಗಾರನು ಒಂದು ಭಾಗವನ್ನು ಆರಿಸಿ ಅಥವಾ ಉಜ್ಜಿ ಸರಿದೂಗಿಸಿರುತ್ತಾನೆ. ಅದೇ ಭಾಗವನ್ನು ಕಳಚಿ ಇನ್ನೊಂದಕ್ಕೆ ಹಾಕಿದಾಗ ಆ ಸರಿದೂಗಿಕೆ ನಷ್ಟವಾಗುತ್ತದೆ.

ತಯಾರಕನೇ ಯೋಜಿಸಿ ಮಾಡಿದ ಅದಲುಬದಲು ಮಾತ್ರ ಬೇರೆಯ ಮಾತು. ಮಾರ್ಲಿನ್ ಕಂಪನಿ 1960ರ ದಶಕದಲ್ಲಿ ತನ್ನ 444 ಮಾದರಿಯನ್ನೂ 1972ರಲ್ಲಿ ಹೊಸ 1895 ಮಾದರಿಯನ್ನೂ 336ರ ಒಡಲಿನ ಆಧಾರದ ಮೇಲೆಯೇ ನಿರ್ಮಿಸಿತು. ಒಂದೇ ಒಡಲು, ಹಲವು ತೋಟಾ, ಬಹುಪಾಲು ಸಮಾನ ಭಾಗಗಳು. ಅದೇ ಕಂಪನಿಯ 1894 ಮಾದರಿಯ ಒಡಲಾದರೋ ಇನ್ನೂ ಗಿಡ್ಡ. ಅದರ ಬೋಲ್ಟನ್ನು 336ಕ್ಕೆ ಹಾಕಲಾಗದು. ಕಂಪನಿಯ ಹೆಸರನ್ನು ನೋಡಿ ಭಾಗ ಕೊಳ್ಳುವುದಕ್ಕೂ ಒಡಲಿನ ಮಾದರಿಯನ್ನು ನೋಡಿ ಕೊಳ್ಳುವುದಕ್ಕೂ ಇರುವ ಅಂತರ ಇದು.

ಹೆಸರು ಒಂದೇ, ಭಾಗ ಬೇರೆ

1894ರ ವಿಂಚೆಸ್ಟರ್ 70 ಲಕ್ಷಕ್ಕೂ ಹೆಚ್ಚು ಮಾರಾಟವಾದ ರೈಫಲ್. 1964ರಲ್ಲಿ ಕಂಪನಿಯು ವೆಚ್ಚ ತಗ್ಗಿಸಲು ತಯಾರಿಕೆಯ ಕ್ರಮವನ್ನೇ ಬದಲಿಸಿತು. ಗಟ್ಟಿ ಉಕ್ಕಿನಿಂದ ಕೊರೆಯುತ್ತಿದ್ದ ಕ್ಯಾರಿಯರಿನ ಬದಲಿಗೆ ತಗಡನ್ನು ಒತ್ತಿ ತಯಾರಿಸಿದ್ದು ಬಂದಿತು. ತಿರುಪುಗಳಿದ್ದ ಕೆಲವೆಡೆ ಟೊಳ್ಳು ರೋಲ್ ಪಿನ್ನುಗಳು ಬಂದವು. ಗಿರಾಕಿಗಳು ಇದನ್ನು ತಕ್ಷಣ ಗುರುತಿಸಿದರು. "1964ರ ಹಿಂದಿನದು" ಎಂಬ ಮಾತೇ ಹಳೆಯ ಮಾಲಿಗೆ ಹೆಚ್ಚಿನ ಬೆಲೆಯ ಗುರುತಾಯಿತು. ಕಂಪನಿ ಮುಂದೆ ಗುಣಮಟ್ಟವನ್ನು ಸುಧಾರಿಸಿದರೂ ಆ ಮಾತು ಇಂದಿಗೂ ಅಳಿದಿಲ್ಲ. 2006ರಲ್ಲಿ ನ್ಯೂ ಹೇವನ್ನಿನ ಕಾರ್ಖಾನೆ ಮುಚ್ಚಿತು. ಕೆಲವು ವರ್ಷಗಳ ನಂತರ ಅದೇ ಹೆಸರಿನ ರೈಫಲುಗಳು ಜಪಾನಿನ ಮಿರೊಕು ಕಾರ್ಖಾನೆಯಿಂದ ಬರತೊಡಗಿದವು. ಒಂದೇ "94" ಎಂಬ ಹೆಸರಿನಡಿ ಹಲವು ತಲೆಮಾರುಗಳಿರುವುದರಿಂದ, ತಯಾರಾದ ವರ್ಷ ಮತ್ತು ಸರಣಿ ಸಂಖ್ಯೆ ಕೇಳದೆ ಭಾಗ ಮಾರುವ ವರ್ತಕನಿಗೆ ಅರ್ಧ ಮಾಲು ಹಿಂತಿರುಗಿ ಬರುವುದು ಆಶ್ಚರ್ಯವಲ್ಲ.

ಮಾರ್ಲಿನ್ ಕಂಪನಿಯ ಅನುಭವ ಇದಕ್ಕಿಂತಲೂ ಬೋಧಪ್ರದ. 2008ರ ಹೊತ್ತಿಗೆ ಅದು ರೆಮಿಂಗ್ಟನ್ ಸಂಸ್ಥೆಯ ಕೈಸೇರಿತು. ನಂತರ ನಾರ್ತ್ ಹೇವನ್ನಿನ ಹಳೆಯ ಕಾರ್ಖಾನೆಯನ್ನು ಮುಚ್ಚಿ ಯಂತ್ರಗಳನ್ನು ಬೇರೆಡೆಗೆ ಸಾಗಿಸಲಾಯಿತು. ಅದಾದ ಮೇಲೆ ಕೆಲವು ವರ್ಷ ಮರ-ಉಕ್ಕಿನ ಜೋಡಣೆಯಲ್ಲಿ ಸಂದು, ಓರೆಯಾದ ಸೈಟು ಮುಂತಾದ ದೂರುಗಳು ವ್ಯಾಪಕವಾಗಿ ಕೇಳಿಬಂದವು. ಹಳೆಯ ಯಂತ್ರಗಳು ಸವೆದಿದ್ದವು, ನಕ್ಷೆಗಳು ವಾಸ್ತವದ ಭಾಗಗಳಿಗೆ ಹೊಂದುತ್ತಿರಲಿಲ್ಲ, ಹೊಂದಿಸುವ ಜಾಣ್ಮೆ ಹಳೆಯ ಕೆಲಸಗಾರರ ಕೈಯಲ್ಲಿತ್ತು, ಅವರು ಹೊಸ ಜಾಗಕ್ಕೆ ಬರಲಿಲ್ಲ ಎಂಬುದು ಆ ಉದ್ಯಮದಲ್ಲಿ ಸಾಮಾನ್ಯವಾಗಿ ನೀಡಲಾಗುವ ವಿವರಣೆ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಸಂಸ್ಥೆಯು ಸುಮಾರು 3 ಕೋಟಿ ಡಾಲರಿಗೆ ಮಾರ್ಲಿನ್ ಉದ್ಯಮವನ್ನು ಕೊಂಡಿತು. ಅದು ಅವಸರಪಡದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿದ್ಧತೆ ನಡೆಸಿ, 2021ರ ಡಿಸೆಂಬರಿನಲ್ಲಿ ಮೊದಲ ರೈಫಲನ್ನು ಮಾರುಕಟ್ಟೆಗೆ ತಂದಿತು.

ತಂದೆಯ ಕೈಯಿಂದ ಮಗನ ಕೈಗೆ ಬಂದ ಲೇತ್ ಅಂಗಡಿಗಳ ಮಾಲೀಕರು ಇದನ್ನು ಮನಗಾಣಬೇಕು. ಹಳೆಯ ಮೇಸ್ತ್ರಿ ತಲೆಯಲ್ಲಿ ಇರಿಸಿಕೊಂಡಿರುವ ಅಳತೆಗಳು ಕಾಗದದ ಮೇಲೆ ಬಾರದಿದ್ದರೆ, ಅವನು ಕೆಲಸ ಬಿಟ್ಟ ದಿನ ಅಂಗಡಿಯ ಅರ್ಧ ಬಂಡವಾಳ ಹೊರಟುಹೋದಂತೆಯೇ.

ಕಾನೂನಿನ ಎಚ್ಚರಿಕೆ

ಅಮೆರಿಕದಲ್ಲಿ ಹವ್ಯಾಸವಾಗಿರುವ ಈ ಕೆಲಸ ಭಾರತದಲ್ಲಿ ಕಠಿಣ ನಿಯಂತ್ರಣಕ್ಕೆ ಒಳಪಟ್ಟಿದೆ. ಈ ಸೀಮೆಗೆ ಆ ನಿಯಂತ್ರಣದ ಇತಿಹಾಸವೂ ಅಪರಿಚಿತವಲ್ಲ. 1857ರಲ್ಲಿ ಬ್ರಿಟಿಷರು ಹೊರಡಿಸಿದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಸಿಡಿದೆದ್ದರು. 1858ರಲ್ಲಿ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಬಂಡೆದ್ದು ಪ್ರಾಣ ತೆತ್ತರು. ಬಳಿಕ 1878ರ ಕಾಯಿದೆ, ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯಿದೆ ಬಂದವು. ಈಗ ಆ ಕಾಯಿದೆಯ ಜೊತೆಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಹಾಗೂ 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಅನ್ವಯಿಸುತ್ತವೆ.

ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು ಇವು:

1. ಕಾಯಿದೆಯ 2ನೆಯ ಕಲಮಿನ ವ್ಯಾಖ್ಯೆಯಂತೆ "ಶಸ್ತ್ರ" ಎಂದರೆ ಪೂರ್ಣ ಬಂದೂಕು ಮಾತ್ರವಲ್ಲ; ಅದರ ಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಅದರಲ್ಲಿ ಸೇರುತ್ತವೆ.

2. 5ನೆಯ ಕಲಮಿನಂತೆ ಬಂದೂಕಿನ ತಯಾರಿಕೆ, ಮಾರಾಟ, ವರ್ಗಾವಣೆ, ಪರಿವರ್ತನೆ, ದುರಸ್ತಿ ಮತ್ತು ಪರೀಕ್ಷೆಗೆ ಪರವಾನಗಿ ಬೇಕು. ಮಾಲೀಕನ ಬಳಿ ಬಂದೂಕು ಹೊಂದುವ ಪರವಾನಗಿ ಇದ್ದರೆ ಅದು ದುರಸ್ತಿ ಮಾಡುವವನಿಗೆ ರಕ್ಷಣೆ ನೀಡದು. ಎರಡೂ ಬೇರೆ ಬೇರೆ ಪರವಾನಗಿಗಳು.

3. 6ನೆಯ ಕಲಮು ನಳಿಕೆಯನ್ನು ಮೊಟಕುಗೊಳಿಸುವುದನ್ನೂ ಆಟಿಕೆ ಬಂದೂಕನ್ನು ನಿಜವಾದದ್ದಾಗಿ ಮಾರ್ಪಡಿಸುವುದನ್ನೂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಇದರಲ್ಲಿ ಸೇರಿಸಿತು.

4. 8ನೆಯ ಕಲಮಿನಂತೆ ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದು, ತಿದ್ದುವುದು ಅಪರಾಧ. ತುಕ್ಕು ತೆಗೆಯಲು ಪಾಲಿಶ್ ಮಾಡುವಾಗ ಸಂಖ್ಯೆ ಸವೆಯದಂತೆ ಎಚ್ಚರಿಕೆ ಅಗತ್ಯ.

5. 5 ಮತ್ತು 6ನೆಯ ಕಲಮುಗಳ ಉಲ್ಲಂಘನೆಗೆ ಮೊದಲು 3ರಿಂದ 7 ವರ್ಷ ಸೆರೆವಾಸವಿತ್ತು. 2019ರ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಮತ್ತು ದಂಡ.

ಗದಗ ಜಿಲ್ಲೆಯ ಹೊಲಗಳಲ್ಲಿ ಕಾಡುಹಂದಿ, ಜಿಂಕೆಗಳ ಕಾಟ ಇರುವುದು ನಿಜ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರೂ ಇದ್ದಾರೆ. ಹಳೆಯ ಬಂದೂಕಿನ ಮುರಿದ ತಿರುಪನ್ನೋ ಫೈರಿಂಗ್ ಪಿನ್ನನ್ನೋ ಹಿಡಿದು ಪರಿಚಯದವರು ಲೇತ್ ಅಂಗಡಿಗೆ ಬಂದು, "ಇದರಂತೆಯೇ ಒಂದು ಮಾಡಿಕೊಡಿ" ಎಂದು ಕೇಳುವ ಸಂದರ್ಭ ಬಾರದೆ ಇರದು. ನೂರು ರೂಪಾಯಿ ಕೂಲಿಯ ಆ ಕೆಲಸಕ್ಕೆ ಏಳು ವರ್ಷದ ಭಯ ಅಂಟಿಕೊಂಡಿದೆ ಎಂಬುದನ್ನು ಲೇತಿನ ಮುಂದೆ ನಿಲ್ಲುವ ಪ್ರತಿಯೊಬ್ಬ ಹುಡುಗನಿಗೂ ಮಾಲೀಕನು ತಿಳಿಸಿ ಹೇಳಬೇಕು. ಅಂತಹ ಗಿರಾಕಿಯನ್ನು ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿ ಅಥವಾ ದುರಸ್ತಿದಾರನ ಬಳಿಗೆ ಕಳುಹಿಸುವುದೇ ಯೋಗ್ಯ. ಸಣ್ಣ ಭಾಗಗಳ ಕುರಿತು ಸಂದೇಹವಿದ್ದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಉತ್ತರ ಪಡೆಯಬೇಕು. ಬಾಯಿಮಾತಿನ ಭರವಸೆ ನ್ಯಾಯಾಲಯದಲ್ಲಿ ನಿಲ್ಲದು. ಅಂತೆಯೇ ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ವನ್ಯಜೀವಿಯನ್ನು ಕೊಲ್ಲುವ ಅಧಿಕಾರ ದೊರೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಹಾಗೂ ಕೃಷ್ಣಮೃಗವು ಅದರ ಮೊದಲ ಅನುಸೂಚಿಯಲ್ಲಿದೆ.

ಕೊಡಗಿನ ವಿನಾಯಿತಿಯನ್ನು ಕೆಲವರು ತಪ್ಪಾಗಿ ಅರ್ಥೈಸುವುದುಂಟು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿಗಳನ್ನು ಪರವಾನಗಿ ಇಲ್ಲದೆ ಹೊಂದಲು ನೀಡಿರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರವು 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. ತಯಾರಿಕೆ ಹಾಗೂ ಪರಿವರ್ತನೆಯ ವ್ಯವಹಾರಕ್ಕೆ ಅದನ್ನು ಆಧಾರವಾಗಿ ಹಿಡಿಯಲಾಗದು.

ಕೃಷಿ ಯಂತ್ರಗಳ ಬಿಡಿಭಾಗಕ್ಕೆ ಇದರ ಅನ್ವಯ

ಬಂದೂಕನ್ನು ಬದಿಗಿರಿಸಿ ದಿನನಿತ್ಯದ ಕೆಲಸಕ್ಕೆ ಬಂದರೆ, ಮೇಲಿನ ಪಾಠ ಹಾಗೆಯೇ ಅನ್ವಯಿಸುತ್ತದೆ. ಮೊದಲ ಉದಾಹರಣೆ ಮರೆಯ (ಥ್ರೆಡ್ಡಿನ) ವಿಚಾರ. ಹಳೆಯ ಬ್ರಿಟಿಷ್ ವಿಟ್‌ವರ್ತ್ ಬೋಲ್ಟಿನ ಮರೆಯ ಕೋನ 55 ಅಂಶ, ಅಮೆರಿಕದ ಹಾಗೂ ಮೆಟ್ರಿಕ್ ಬೋಲ್ಟಿನದು 60 ಅಂಶ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಮರೆ, ಅಮೆರಿಕದ ದಪ್ಪಮರೆಯ ಅರ್ಧ ಇಂಚಿನದಕ್ಕೆ 13. ಇವು ಕೂರುವುದಿಲ್ಲವೆಂದು ಬೇಗನೆ ತಿಳಿಯುತ್ತದೆ. ಆದರೆ ಎಂಟರಲ್ಲಿ ಐದು ಇಂಚಿನ ಬೋಲ್ಟಿನಲ್ಲಿ ಎರಡಕ್ಕೂ 11 ಮರೆ. ನಟ್ಟು ಸರಾಗವಾಗಿ ತಿರುಗಿ ಕೂರುತ್ತದೆ, ಕೋನ ಮಾತ್ರ ಬೇರೆ. ಭಾರವು ಮರೆಯ ಪೂರ್ಣ ಮೈಮೇಲೆ ಬೀಳದೆ ಅಂಚಿನ ಮೇಲೆ ಬೀಳುತ್ತದೆ. ನಡುಹೊಲದಲ್ಲಿ ಸಡಿಲಗೊಳ್ಳುವ ಬೋಲ್ಟು ಹಲವು ವೇಳೆ ಇಂತಹದೇ. ಕೂರದ ಭಾಗಕ್ಕಿಂತ ತಪ್ಪಾಗಿ ಕೂರುವ ಭಾಗವೇ ಹೆಚ್ಚು ಅಪಾಯಕಾರಿ.

ಆದುದರಿಂದ ಅನ್ಯ ಭಾಗವನ್ನು ಹೊಂದಿಸುವ ಮುನ್ನ ಈ ಕ್ರಮ ಅನುಸರಣೀಯ. ಯಂತ್ರದ ಕಂಪನಿ, ಮಾದರಿ, ವರ್ಷ ಮತ್ತು ಸರಣಿ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸವೆದ ಭಾಗವನ್ನು ಅಳೆದು ಅದರಂತೆ ತಯಾರಿಸಿದರೆ ಸವೆತವನ್ನೂ ನಕಲು ಮಾಡಿದಂತಾಗುತ್ತದೆ. ಸವೆಯದ ಜಾಗದಲ್ಲಿ, ಇಲ್ಲವೇ ಜೊತೆಗಾರ ಭಾಗದಲ್ಲಿ ಅಳತೆ ತೆಗೆಯಬೇಕು. ವರ್ನಿಯರ್, ಮೈಕ್ರೋಮೀಟರ್, ಮರೆ ಅಳೆಯುವ ಗೇಜುಗಳು ಅಂಗಡಿಯಲ್ಲಿರಬೇಕು. ಪದೇ ಪದೇ ತಯಾರಿಸುವ ಭಾಗಗಳಿಗೆ "ಗೋ" ಮತ್ತು "ನೋ ಗೋ" ಗೇಜುಗಳನ್ನು ಮಾಡಿಕೊಂಡರೆ ಹೊಸ ಹುಡುಗನೂ ಸರಿ ತಪ್ಪನ್ನು ನಿರ್ಣಯಿಸಬಲ್ಲನು. ಅಳತೆಯ ಮಿತಿಗಳಿಗೆ ಭಾರತೀಯ ಮಾನಕ 919 ಮಾರ್ಗದರ್ಶಿಯಾಗಿದೆ. ಭಾಗವು ಮೇಲಿನ ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಗುರುತಿಸಿ, ಮೂರನೆಯ ವರ್ಗದ್ದಾದರೆ, ಅಂದರೆ ಬ್ರೇಕು, ಸ್ಟೀರಿಂಗು, ಹಿಚ್ ಪಿನ್ನುಗಳಂತಹವಾದರೆ, ಅಸಲಿಯನ್ನೇ ಸೂಚಿಸಬೇಕು.

ಲೆಕ್ಕದ ದೃಷ್ಟಿಯಿಂದಲೂ ಪರಿಶೀಲಿಸಬಹುದು. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಅಸಲಿ ಭಾಗಕ್ಕೆ 1,800 ರೂ. ಬೇರೆ ಕಂಪನಿಯದಕ್ಕೆ 1,100 ರೂ., ಅದನ್ನು ಹೊಂದಿಸುವ ಲೇತ್ ಕೆಲಸಕ್ಕೆ 350 ರೂ., ಒಟ್ಟು 1,450 ರೂ. ಉಳಿತಾಯ 350 ರೂ. ಐದು ಗಿರಾಕಿಗಳಿಗೆ ಹೀಗೆ ಮಾಡಿಕೊಟ್ಟರೆ ಅವರಿಗೆ ಒಟ್ಟು ಉಳಿತಾಯ 1,750 ರೂ. ಈ ಐದರಲ್ಲಿ ಒಂದು ಕೈಕೊಟ್ಟರೆ ಅಸಲಿ ಭಾಗಕ್ಕೆ 1,800 ರೂ., ಬಿಚ್ಚಿ ಮತ್ತೆ ಜೋಡಿಸುವ ಕೂಲಿ 350 ರೂ., ಒಟ್ಟು 2,150 ರೂ. ಖರ್ಚು. ಐವರ ಉಳಿತಾಯವನ್ನೂ ಒಂದೇ ವೈಫಲ್ಯ ನುಂಗಿ ಹಾಕುತ್ತದೆ. ಬಿತ್ತನೆಯ ಹದ ತಪ್ಪಿದ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಉಳಿತಾಯ ಗಿರಾಕಿಗಳದು, ವೈಫಲ್ಯದ ಹೊರೆ ಅಂಗಡಿಕಾರನದು. ಏಳು ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಒಂದು ಮಾತ್ರ ಕೆಡುವಷ್ಟು ಖಚಿತತೆ ಇದ್ದಾಗಲೇ ಈ ವ್ಯವಹಾರ ಸರಿದೂಗುತ್ತದೆ.

ಬಿಲ್ಲು, ಹೆಸರು ಮತ್ತು ಹೊಣೆ

ಬೇರೆ ಕಂಪನಿಯ ಯಂತ್ರಕ್ಕೆ ಹೊಂದುವ ಭಾಗವನ್ನು ತಯಾರಿಸಿ ಮಾರುವುದಕ್ಕೆ ಕಾನೂನಿನ ಅಡ್ಡಿಯಿದೆಯೇ ಎಂಬ ಪ್ರಶ್ನೆ ಸಣ್ಣ ತಯಾರಕರಲ್ಲಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 30ನೆಯ ಕಲಮಿನಂತೆ, ಭಾಗವು ಯಾವ ಯಂತ್ರಕ್ಕೆ ಹೊಂದುತ್ತದೆಂದು ತಿಳಿಸಲು ಅಗತ್ಯವಿರುವಷ್ಟರ ಮಟ್ಟಿಗೆ ಆ ಯಂತ್ರದ ಹೆಸರನ್ನು ಬಳಸುವುದು ಉಲ್ಲಂಘನೆಯಾಗದು. "ಇಂತಹ ಟ್ರಾಕ್ಟರಿಗೆ ಹೊಂದುತ್ತದೆ" ಎಂದು ಬರೆದು, ತಯಾರಕನ ಸ್ವಂತ ಹೆಸರನ್ನು ಸ್ಪಷ್ಟವಾಗಿ ಮುದ್ರಿಸಬಹುದು. ಆ ಕಂಪನಿಯ ಲಾಂಛನವನ್ನು ಹಾಕಿ ಅಸಲಿಯೆಂದು ಭ್ರಮೆ ಹುಟ್ಟಿಸುವುದು ಅಪರಾಧ. ಪೇಟೆಂಟ್ ಅಥವಾ ನೋಂದಾಯಿತ ವಿನ್ಯಾಸವಿರುವ ಭಾಗಗಳ ವಿಷಯದಲ್ಲಿ ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ಮಾರಾಟಗಾರನು ಉತ್ಪನ್ನವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದಲ್ಲಿ, ತಯಾರಕನಲ್ಲದಿದ್ದರೂ ಅವನು ಹೊಣೆಗಾರನಾಗುತ್ತಾನೆ. ವಾಹನಗಳ ವಿಷಯದಲ್ಲಂತೂ, ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಆದ್ದರಿಂದ ಬಿಲ್ಲಿನಲ್ಲಿ ಭಾಗದ ಹೆಸರು, ಅದು ಅಸಲಿಯೋ ಬದಲಿಯೋ, ಮಾಡಿದ ಮಾರ್ಪಾಡು, ಗಿರಾಕಿಗೆ ನೀಡಿದ ಎಚ್ಚರಿಕೆ, ಇವಿಷ್ಟನ್ನೂ ಬರೆಯುವ ಪದ್ಧತಿ ಬೆಳೆಯಬೇಕು. ನಾಲ್ಕು ಸಾಲಿನ ಈ ಬರಹ ಗಿರಾಕಿಗೂ ಅಂಗಡಿಗೂ ಸಮಾನ ರಕ್ಷಣೆ.

ಸಾರಾಂಶ

ಒಂದರ ಭಾಗ ಇನ್ನೊಂದಕ್ಕೆ ಕೂರಬೇಕೆಂಬ ತತ್ತ್ವ ಶಸ್ತ್ರಾಗಾರಗಳಲ್ಲಿ ಬೆಳೆದು ಇಂದಿನ ಬಿಡಿಭಾಗಗಳ ವ್ಯಾಪಾರಕ್ಕೆ ಬುನಾದಿಯಾಯಿತು. ಅಳತೆಯ ಒಪ್ಪಂದವಿರುವಲ್ಲಿ ಅದಲುಬದಲು ಸುಲಭ. ಜೊತೆಗಾರ ಭಾಗಗಳಿರುವಲ್ಲಿ ದುಬಾರಿ. ಭಾರ ಹೊರುವಲ್ಲಿ ಅಪಾಯಕಾರಿ. ಹೆಸರನ್ನು ನಂಬದೆ ವರ್ಷ ಮತ್ತು ಸಂಖ್ಯೆಯನ್ನು ನೋಡಬೇಕು. ಮೇಸ್ತ್ರಿಯ ಅರಿವನ್ನು ನಕ್ಷೆಗೆ ಇಳಿಸಬೇಕು. ಬಂದೂಕಿನ ಭಾಗವೆಂದರೆ ಬಂದೂಕೇ ಎಂಬುದನ್ನು ಅರಿತು, ಪರವಾನಗಿ ಇಲ್ಲದವರು ಅದನ್ನು ಲೇತಿಗೆ ಏರಿಸಬಾರದು.

ಮನನಕ್ಕಾಗಿ ಪ್ರಶ್ನೆಗಳು

1. ತಮ್ಮ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಹತ್ತು ಬದಲಿ ಭಾಗಗಳು ಮೂರು ವರ್ಗಗಳಲ್ಲಿ ಯಾವ ಯಾವುದಕ್ಕೆ ಸೇರುತ್ತವೆ?

2. ಕಳೆದ ಹಂಗಾಮಿನಲ್ಲಿ ಹಿಂತಿರುಗಿ ಬಂದ ಭಾಗಗಳೆಷ್ಟು? ಅವುಗಳಲ್ಲಿ ಅಳತೆಯ ತಪ್ಪಿನಿಂದ ಬಂದವು ಎಷ್ಟು, ಮಾದರಿಯ ವರ್ಷ ವಿಚಾರಿಸದೆ ಕೊಟ್ಟದ್ದರಿಂದ ಬಂದವು ಎಷ್ಟು?

3. ಅಂಗಡಿಯ ಹಿರಿಯ ಕೆಲಸಗಾರನಿಗೆ ಮಾತ್ರ ತಿಳಿದಿರುವ, ಇನ್ನೂ ಕಾಗದಕ್ಕೆ ಇಳಿಯದ ಅಳತೆಗಳು ಯಾವುವು?

4. ಬಂದೂಕಿನ ಭಾಗವನ್ನು ತಂದ ಪರಿಚಯಸ್ಥನಿಗೆ ಹೇಳಬೇಕಾದ ಉತ್ತರವನ್ನು ಅಂಗಡಿಯ ಎಲ್ಲ ಕೆಲಸಗಾರರೂ ಬಲ್ಲರೇ?